ಹಳೆಯ ಸೈಕಲ್ ಭಾಗಗಳ ಕ್ರೋಮ್ ಲೇಪನವನ್ನು ಮನೆಯಲ್ಲಿ ತೆಗೆಯಬಹುದೇ?

ಸೈಕಲ್ಲಿಗ (ಹನುಮಂತನಗರ):

ಎಲ್ಲರಿಗೂ ನಮಸ್ಕಾರ. 1960ರ ದಶಕದ ರ‍್ಯಾಲಿ ಸೈಕಲ್ ಒಂದನ್ನು ಮತ್ತೆ ಓಡಿಸುವ ಸ್ಥಿತಿಗೆ ತರುವ ಕೆಲಸದಲ್ಲಿದ್ದೇನೆ. ರಾಡ್ ಬ್ರೇಕ್, 28 ಇಂಚಿನ ಗಾಲಿ, ಸ್ಪ್ರಿಂಗಿನ ಮೇಲೆ ಕೂರಿಸಿದ ಚರ್ಮದ ಸೀಟು ಇರುವ ಗಾಡಿ ಅದು. ಫ್ರೇಮ್ ಗಟ್ಟಿಮುಟ್ಟಾಗಿದೆ, ಅದರ ಮೂಲ ಕಪ್ಪು ಬಣ್ಣವನ್ನು ಮುಟ್ಟುವ ಉದ್ದೇಶ ನನಗಿಲ್ಲ. ತೊಂದರೆಯೆಲ್ಲ ಇರುವುದು ಕ್ರೋಮ್ ಭಾಗಗಳಲ್ಲಿ. ಹ್ಯಾಂಡಲಿನ ಎರಡೂ ಬದಿಯಲ್ಲಿ ಲೇಪನ ಹಕ್ಕಳೆಯೆದ್ದು, ಬೆರಳಾಡಿಸಿದರೆ ಚುಚ್ಚುವಷ್ಟು ಚೂಪಾಗಿ ನಿಂತಿದೆ. ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕಂಬಿಗಳ ಮೇಲೆ ತುಕ್ಕು ಚುಕ್ಕೆ ಚುಕ್ಕೆಯಾಗಿ ಹರಡಿದೆ. ರಿಮ್ಮುಗಳು ಮಾತ್ರ ಪರವಾಗಿಲ್ಲ.

ಎಲ್ಲವನ್ನೂ ಮತ್ತೆ ಕ್ರೋಮ್ ಮಾಡಿಸುವುದಕ್ಕಿಂತ ಈ ಭಾಗಗಳಿಗೂ ಫ್ರೇಮಿನಂತೆಯೇ ಕಪ್ಪು ಬಣ್ಣ ಕೊಡಿಸೋಣ ಎಂದುಕೊಂಡಿದ್ದೇನೆ. ಆದರೆ ಪೇಂಟ್ ಮಾಡುವವರು, ಕ್ರೋಮ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಮೊದಲು ಅದನ್ನು ತೆಗೆಸಿಕೊಂಡು ಬನ್ನಿ ಎಂದು ಹೇಳಿ ಕಳುಹಿಸಿದರು. ವಿಚಾರಿಸಿದಾಗ ಮೂರು ದಾರಿಗಳು ಕೇಳಿಬಂದವು: ಕಕ್ಕಸು ತೊಳೆಯುವ ಆ್ಯಸಿಡ್‌ನಲ್ಲಿ ನೆನೆಹಾಕುವುದು, ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ ಬ್ಯಾಟರಿ ಚಾರ್ಜರ್‌ನಿಂದ ಕರೆಂಟು ಹಾಯಿಸುವುದು, ಇಲ್ಲವೇ ಗ್ರೈಂಡರ್ ಹಿಡಿದು ಉಜ್ಜಿ ತೆಗೆಯುವುದು. ನಮ್ಮದು 20×30 ಸೈಟಿನ ಮನೆ. ಕೆಲಸ ಮಾಡಲು ಜಾಗವೆಂದರೆ ತಾರಸಿ ಒಂದೇ, ಪಕ್ಕದ ಮನೆಯವರು ಬಟ್ಟೆ ಒಣಗಿಸುವ ಹಗ್ಗ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಈ ಮೂರರಲ್ಲಿ ಯಾವುದು ಸುರಕ್ಷಿತ, ಯಾವುದನ್ನು ಮಾಡಲೇಬಾರದು, ಉಳಿದ ನೀರನ್ನು ಎಲ್ಲಿಗೆ ಚೆಲ್ಲಬೇಕು ಎಂಬುದನ್ನು ತಿಳಿದವರು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ರಸಾಯನ ಮೇಷ್ಟ್ರು (ಜಯನಗರ):

ಸೈಕಲ್ಲಿಗ ಅವರೇ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಮಾಡಲೇಬಾರದ್ದು ಯಾವುದೆಂಬುದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಕಾಯುವಂತಿಲ್ಲ. ಕಾಸ್ಟಿಕ್ ಸೋಡಾ ಮತ್ತು ಬ್ಯಾಟರಿ ಚಾರ್ಜರ್‌ನ ದಾರಿಯನ್ನು ದಯವಿಟ್ಟು ಹಿಡಿಯಬೇಡಿ.

ಆ ವಿಧಾನದಲ್ಲಿ ಕ್ರೋಮ್ ಭಾಗವನ್ನು ಚಾರ್ಜರ್‌ನ ಪಾಸಿಟಿವ್ ತಂತಿಗೆ ಕಟ್ಟುತ್ತಾರೆ. ಲೇಪನವು ಕ್ಷಾರದ ನೀರಿಗೆ ಬೇಗನೆ, ಸೊಗಸಾಗಿಯೇ ಕರಗುತ್ತದೆ. ಅದರಿಂದಲೇ ಈ ವಿಧಾನಕ್ಕೆ ಅಷ್ಟು ಪ್ರಚಾರ ಸಿಕ್ಕಿದೆ. ಆದರೆ ಅದು ಕರಗುವುದು ಕ್ರೋಮೇಟ್ ಆಗಿ, ಅಂದರೆ ಹೆಕ್ಸಾವೇಲೆಂಟ್ ಕ್ರೋಮಿಯಂ ರೂಪದಲ್ಲಿ. ನೀರು ಹಳದಿಗೆ ತಿರುಗಿತೆಂದರೆ ಆ ವಿಷ ತಯಾರಾಗಿದೆ ಎಂದೇ ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೆಕ್ಸಾವೇಲೆಂಟ್ ಕ್ರೋಮಿಯಂ ಸಂಯುಕ್ತಗಳನ್ನು 1ನೇ ಗುಂಪಿನಲ್ಲಿ, ಎಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಎಂಬುದಕ್ಕೆ ಸಾಕಷ್ಟು ಪುರಾವೆ ಇರುವ ವಸ್ತುಗಳ ಗುಂಪಿನಲ್ಲಿ ಇರಿಸಿದೆ. ಕರೆಂಟು ಹಾಯುವಾಗ ಏಳುವ ಗುಳ್ಳೆಗಳು ಮೇಲ್ಮೈಯಲ್ಲಿ ಒಡೆದು ಈ ದ್ರಾವಣವನ್ನು ಸೂಕ್ಷ್ಮ ಹನಿಗಳಾಗಿ ಗಾಳಿಗೆ ಎರಚುತ್ತವೆ. ಅದನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಅಪಾಯ. ಚರ್ಮದ ಗಾಯಕ್ಕೆ ತಗುಲಿದರೆ ಬೇಗ ವಾಸಿಯಾಗದ ಹುಣ್ಣು. ಪಕ್ಕದ ಮನೆಯ ಬಟ್ಟೆ ಒಣಗುವ ಜಾಗದಲ್ಲಿ ಮಾಡುವ ಕೆಲಸ ಇದಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ತುಕ್ಕು ಬಿಡಿಸಲು ವಾಷಿಂಗ್ ಸೋಡಾ ನೀರಿನಲ್ಲಿ ಕರೆಂಟು ಹಾಯಿಸುವ ಅಭ್ಯಾಸ ಹಲವರಿಗಿದೆ. ಅಲ್ಲಿ ಭಾಗವನ್ನು ನೆಗೆಟಿವ್ ತಂತಿಗೆ ಕಟ್ಟುವುದರಿಂದ ಕ್ರೋಮ್ ಕರಗುವುದಿಲ್ಲ, ನಿಜ. ಆದರೆ ಪಾಸಿಟಿವ್ ತಂತಿಗೆ ಮನೆಯಲ್ಲಿ ಬಿದ್ದಿದ್ದ ಸ್ಟೀಲ್ ಚಮಚವನ್ನೋ ತಟ್ಟೆಯನ್ನೋ ಕಟ್ಟಿದರೆ, ಸ್ಟೇನ್‌ಲೆಸ್ ಸ್ಟೀಲಿನೊಳಗಿನ ಕ್ರೋಮಿಯಂ ಹೊರಬಂದು ಅದೇ ಹಳದಿ ವಿಷವಾಗುತ್ತದೆ. ಆ ತುದಿಗೆ ಸಾದಾ ಕಬ್ಬಿಣವಲ್ಲದೆ ಬೇರೇನನ್ನೂ ಕಟ್ಟಬಾರದು.

ಈಗ ಲೇಪನದ ವಿಷಯ. ನಾವು ಕ್ರೋಮ್ ಎಂದು ಕರೆಯುವ ಹೊಳಪಿನ ಬಹುಪಾಲು ನಿಕ್ಕಲ್‌ನದು. ಕಬ್ಬಿಣದ ಮೇಲೆ, ಕೆಲವೊಮ್ಮೆ ತಾಮ್ರದ ತೆಳು ಪದರವಾದ ಮೇಲೆ, ಸಾಮಾನ್ಯವಾಗಿ 5ರಿಂದ 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ನಿಕ್ಕಲ್ ಕೂರಿಸುತ್ತಾರೆ. ಅದರ ಮೇಲಿನ ಕ್ರೋಮಿಯಂ ಒಂದು ಮೈಕ್ರಾನಿನ ಅರ್ಧಕ್ಕಿಂತಲೂ ಕಡಿಮೆ ಇರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ತಡೆಯುವುದು ನಿಕ್ಕಲ್. ನಿಕ್ಕಲ್ ಮಂಕಾಗದಂತೆ, ಗೀರು ಬೀಳದಂತೆ ಕಾಯುವುದು ಕ್ರೋಮಿಯಂ. 1920ರ ದಶಕದ ಕೊನೆಯವರೆಗೆ ಸೈಕಲ್ಲುಗಳಿಗೆ ಬರೀ ನಿಕ್ಕಲ್ ಲೇಪನವೇ ರೂಢಿಯಲ್ಲಿತ್ತು. ಆದ್ದರಿಂದ ಕ್ರೋಮ್ ತೆಗೆಯಬೇಕು ಎನ್ನುವಾಗ ಮೇಲಿನ ಪದರವನ್ನಷ್ಟೇ ತೆಗೆದರೆ ಸಾಕೋ, ಕಬ್ಬಿಣ ಕಾಣುವವರೆಗೂ ಹೋಗಬೇಕೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಮೊದಲನೆಯದು ಮನೆಯಲ್ಲಿ ಆಗುವ ಮಾತು. ಎರಡನೆಯದಕ್ಕೆ ಕಾರ್ಖಾನೆಯ ತೊಟ್ಟಿಗಳು ಬೇಕು. ನಿಕ್ಕಲ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಕ್ರೋಮಿಯಂ ಪದರವನ್ನು ಹೈಡ್ರೋಕ್ಲೋರಿಕ್ ಆ್ಯಸಿಡ್ ಕರಗಿಸುತ್ತದೆ. ಇಲ್ಲಿ ಹುಟ್ಟುವುದು ಹಸಿರು ಬಣ್ಣದ ಟ್ರೈವೇಲೆಂಟ್ ಕ್ರೋಮಿಯಂ. ಹಳದಿ ರೂಪದಷ್ಟು ಅಪಾಯಕಾರಿಯಲ್ಲ, ಹಾಗೆಂದು ಉಪೇಕ್ಷಿಸುವಂಥದ್ದೂ ಅಲ್ಲ. ಬಚ್ಚಲು ತೊಳೆಯುವ ಬಾಟಲಿಗಳಲ್ಲಿ ಈ ಆ್ಯಸಿಡ್ ಕಡಿಮೆ ಪ್ರಮಾಣದಲ್ಲಿರುತ್ತದೆ. ಹಾರ್ಡ್‌ವೇರ್ ಅಂಗಡಿಯ ಕ್ಯಾನಿನಲ್ಲಿ ಶೇಕಡ 30ರ ಆಸುಪಾಸಿನಲ್ಲಿರಬಹುದು. ಅಂಥದ್ದನ್ನು ಒಂದು ಪಾಲು ನೀರಿಗೆ ಒಂದು ಪಾಲಿನಂತೆ ಬೆರೆಸಬೇಕು, ಮತ್ತು ಯಾವಾಗಲೂ ನೀರಿಗೆ ಆ್ಯಸಿಡ್ ಸುರಿಯಬೇಕೇ ಹೊರತು ಆ್ಯಸಿಡ್‌ಗೆ ನೀರನ್ನಲ್ಲ. ಪಾತ್ರೆ ಪ್ಲಾಸ್ಟಿಕ್‌ನದಾಗಿರಲಿ. ಎಣ್ಣೆ, ಗ್ರೀಸು ಚೆನ್ನಾಗಿ ತೊಳೆದ ಭಾಗವನ್ನು ಇಳಿಸಿದಾಗ ಮೊದಲಿಗೆ ಏನೂ ಆಗದಿರಬಹುದು, ಏಕೆಂದರೆ ಕ್ರೋಮಿಯಂ ಮೇಲೆ ಅದರದೇ ಆಕ್ಸೈಡಿನ ತೆಳುಪೊರೆ ಇರುತ್ತದೆ. ಅದು ಹರಿದ ಕೂಡಲೇ ಭಾಗದ ಮೈತುಂಬ ಗುಳ್ಳೆಗಳೆದ್ದು, ದ್ರಾವಣ ಹಸಿರಾಗುತ್ತ ಹೋಗುತ್ತದೆ. ಗುಳ್ಳೆಗಳು ಇಳಿದು, ನೀಲಿ ಛಾಯೆಯ ಹೊಳಪಿನ ಜಾಗದಲ್ಲಿ ತುಸು ಹಳದಿ ಬೆರೆತ ಬಿಳುಪು ಕಂಡರೆ ನೀವು ನಿಕ್ಕಲ್ ತಲುಪಿದ್ದೀರಿ. ಇದು ನಿಮಿಷಗಳ ಕೆಲಸ. ರಾತ್ರಿಯಿಡೀ ಬಿಟ್ಟರೆ ಆ್ಯಸಿಡ್ ನಿಕ್ಕಲ್‌ನ ಬಿರುಕುಗಳ ಮೂಲಕ ಕಬ್ಬಿಣಕ್ಕೆ ಇಳಿದು ಗುಳಿಗಳನ್ನು ಕೊರೆಯುತ್ತದೆ.

ಆ ಗುಳ್ಳೆಗಳು ಹೈಡ್ರೋಜನ್. ಸುತ್ತ ಬೀಡಿ, ಸಿಗರೇಟು, ಕಿಡಿ ಇರಕೂಡದು. ಕಣ್ಣಿಗೆ ಗಾಗಲ್, ಮೊಣಕೈವರೆಗೆ ರಬ್ಬರ್ ಗ್ಲೌಸ್ ಇರಲೇಬೇಕು. ಗಾಳಿ ಬೀಸಿ ಬರುವ ಕಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಸಂಪು ತೊಳೆಯಲು ಇಟ್ಟುಕೊಂಡ ಬ್ಲೀಚಿಂಗ್ ಪೌಡರ್ ಎಲ್ಲ ಮನೆಗಳಲ್ಲೂ ಇರುತ್ತದೆ. ಅದು ಈ ಆ್ಯಸಿಡ್‌ಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಪ್ರಾಣಕ್ಕೇ ಕುತ್ತು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ. ಸೈಕಲ್ಲಿನ ಫ್ರೇಮನ್ನೂ ಹತ್ತಿರ ಇಡಬೇಡಿ, ಆ್ಯಸಿಡ್‌ನ ಆವಿ ತಗುಲಿದ ಕಬ್ಬಿಣವೆಲ್ಲ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ. ಅಂಗಡಿಯವರು ಗುರುತಿನ ಚೀಟಿ, ಉದ್ದೇಶ ಕೇಳಿದರೆ ಬೇಸರಿಸಬೇಡಿ. ಆ್ಯಸಿಡ್ ದಾಳಿಗಳನ್ನು ತಡೆಯಲು 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ ಅವರು ಅದನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕಾಗುತ್ತದೆ.

ಗ್ರೈಂಡರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಣದಾಗಿ ಉಜ್ಜಿದರೆ ನಿಕ್ಕಲ್ ಧೂಳು ಏಳುತ್ತದೆ, ಅದು ಶ್ವಾಸಕೋಶಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ. ನೀರು ಹಾಕಿ ಕೈಯಲ್ಲಿ ಉಜ್ಜುವುದು ಬೇರೆ ಮಾತು.

ಬಫಿಂಗ್ (ಪೀಣ್ಯ):

ಮೇಷ್ಟ್ರು ಹೇಳಿದ್ದೆಲ್ಲ ಸರಿಯಾಗಿದೆ. ಪ್ಲೇಟಿಂಗ್ ಕೆಲಸದಲ್ಲಿರುವವನಾಗಿ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಯಾವುದಾದರೂ ಭಾಗವನ್ನು ಮುಂದೆ ಮತ್ತೆ ಕ್ರೋಮ್ ಮಾಡಿಸುವ ಆಲೋಚನೆ ಇದ್ದರೆ ಅದನ್ನು ಮನೆಯಲ್ಲಿ ಮುಟ್ಟದೆ, ಹೇಗಿದೆಯೋ ಹಾಗೆ ತಂದುಕೊಡಿ. ಹಳೆಯ ಲೇಪನ ತೆಗೆಯುವುದು ನಮ್ಮ ಕೆಲಸದ ಮೊದಲ ಹಂತವೇ ಆಗಿದೆ. ಗ್ರೀಸು ತೆಗೆದು, ಕ್ರೋಮನ್ನು ಆ್ಯಸಿಡ್‌ನಲ್ಲಿ ಇಳಿಸಿ, ಆಮೇಲೆ ನಿಕ್ಕಲನ್ನು ಸಲ್ಫ್ಯೂರಿಕ್ ಆ್ಯಸಿಡ್ ತೊಟ್ಟಿಯಲ್ಲಿ ಕರೆಂಟು ತಿರುಗಿಸಿ ಬಿಡಿಸುತ್ತಾರೆ. ನಂತರ ಬಫ್ ಮಾಡಿ, ಅಂದರೆ ತಿರುಗುವ ಚಕ್ರಕ್ಕೆ ಹಿಡಿದು ನುಣುಪಾಗಿಸಿ, ನಿಕ್ಕಲ್ ಏರಿಸಿ, ಕೊನೆಗೆ ಕೆಲವೇ ನಿಮಿಷ ಕ್ರೋಮ್ ತೊಟ್ಟಿಗೆ ಇಳಿಸುತ್ತಾರೆ. ಇಷ್ಟರಲ್ಲಿ ಕಷ್ಟದ್ದು ಬಫಿಂಗ್. ಮನೆಯಲ್ಲಿ ಹೆಚ್ಚು ಹೊತ್ತು ಆ್ಯಸಿಡ್‌ನಲ್ಲಿ ನೆನೆದ ಪೈಪಿನ ಮೈ ಗುಳಿ ಗುಳಿಯಾಗಿರುತ್ತದೆ. ಆ ಗುಳಿಗಳು ಮಾಯವಾಗುವವರೆಗೆ ಬಫ್ ಮಾಡಿದರೆ ಪೈಪ್ ತೆಳುವಾಗುತ್ತದೆ, ಮಾಡದಿದ್ದರೆ ಹೊಸ ಕ್ರೋಮ್ ಕೆಳಗೂ ಗುಳಿ ಹಾಗೇ ಕಾಣುತ್ತದೆ.

ಬಣ್ಣವೇ ಹೊಡೆಸುವುದಾದರೆ ನನಗೆ ಆತಂಕವಿರುವುದು ಹ್ಯಾಂಡಲ್ ವಿಷಯದಲ್ಲಿ. ರಾಡ್ ಬ್ರೇಕಿನ ಹ್ಯಾಂಡಲ್ ಬರೀ ಬಗ್ಗಿಸಿದ ಪೈಪ್ ಅಲ್ಲ. ಬ್ರೇಕಿನ ಕಂಬಿ ತಿರುಗುವ ಪುಟ್ಟ ಬಳೆಗಳನ್ನು ಅದರ ಮೈಗೆ ಕೂರಿಸಿರುತ್ತಾರೆ, ನಡುವೆ ಸ್ಟೆಮ್ಮನ್ನು (ಹ್ಯಾಂಡಲಿನಿಂದ ಫೋರ್ಕಿನೊಳಗೆ ಇಳಿಯುವ ಪೈಪು) ಹಿತ್ತಾಳೆ ಬೆಸುಗೆಯಿಂದ ಸೇರಿಸಿರುತ್ತಾರೆ. ಅದನ್ನು ಆ್ಯಸಿಡ್‌ನಲ್ಲಿ ಅದ್ದಿದರೆ ಪೈಪಿನೊಳಗೂ, ಆ ಬಳೆಗಳ ಕೆಳಗೂ, ಬೆಸುಗೆಯ ಸಂದಿಗೂ ಆ್ಯಸಿಡ್ ಹೋಗಿ ಕೂರುತ್ತದೆ. ಹೊರಗಡೆ ಎಷ್ಟು ತೊಳೆದರೂ ಒಳಗಿನದು ಬರುವುದಿಲ್ಲ. ಬಣ್ಣ ಹೊಡೆಸಿ ಗಾಡಿ ಜೋಡಿಸಿದ ಕೆಲವು ವಾರಗಳಿಗೆ ಆ ಸಂದಿಯಿಂದ ಕಂದು ನೀರು ಜಿನುಗಿ, ಹೊಸ ಬಣ್ಣದ ಕೆಳಗೆ ಸಾಲಾಗಿ ಗುಳ್ಳೆಗಳು ಏಳುತ್ತವೆ. ಮಡ್‌ಗಾರ್ಡಿನ ಮಡಿಚಿದ ಅಂಚಿಗೂ ಇದೇ ಗತಿ. ಸರಳವಾದ ಕಂಬಿ, ಪಟ್ಟಿ, ಬಿಚ್ಚಿದ ಕ್ಲಾಂಪು ಇಂಥವನ್ನು ಅದ್ದಬಹುದು. ಟೊಳ್ಳು ಮತ್ತು ಮಡಿಕೆ ಇರುವುದನ್ನು ಅದ್ದಬಾರದು.

ಎರಡನೆಯದು ಸ್ಪ್ರಿಂಗ್ ವಿಷಯ. ಆ್ಯಸಿಡ್‌ನಲ್ಲಿ ಏಳುವ ಹೈಡ್ರೋಜನ್‌ನಲ್ಲಿ ಒಂದಿಷ್ಟು ಉಕ್ಕಿನ ಒಳಕ್ಕೇ ಇಳಿಯುತ್ತದೆ. ಮೆತು ಉಕ್ಕಿಗೆ ಅದರಿಂದ ಹೇಳಿಕೊಳ್ಳುವ ಹಾನಿಯಿಲ್ಲ. ಆದರೆ ಸೀಟಿನ ಸ್ಪ್ರಿಂಗ್, ಗಾಲಿಯ ಕಡ್ಡಿ, ಆಕ್ಸಲ್, ಗಟ್ಟಿ ಉಕ್ಕಿನ ಬೋಲ್ಟು ಇವು ಹೊರಗೆ ಯಾವ ಗುರುತೂ ತೋರದೆ ಬಿರುಸಾಗಿ, ಒಂದು ದಿನ ಭಾರ ಬಿದ್ದಾಗ ಪಟಕ್ಕನೆ ಮುರಿಯುತ್ತವೆ. ಕಾರ್ಖಾನೆಗಳಲ್ಲಿ ಇಂಥವನ್ನು ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ 190ರಿಂದ 220 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇಟ್ಟು ಆ ಹೈಡ್ರೋಜನ್ ಹೊರಹಾಕುತ್ತಾರೆ. ಮನೆಯಲ್ಲಿ ಅಷ್ಟೆಲ್ಲ ಮಾಡುವ ಬದಲು ಅವನ್ನು ಆ್ಯಸಿಡ್‌ನ ಹತ್ತಿರಕ್ಕೂ ತರದಿರುವುದೇ ಮೇಲು.

ತೊರೆ (ರಾಜರಾಜೇಶ್ವರಿನಗರ):

ಉಳಿದ ನೀರನ್ನು ಎಲ್ಲಿಗೆ ಚೆಲ್ಲಬೇಕು ಎಂದು ಕೇಳಿದ್ದೀರಿ. ಎಲ್ಲಿಗೂ ಚೆಲ್ಲಬಾರದು ಎಂಬುದೇ ಉತ್ತರ, ಮತ್ತು ಅದರ ಕಾರಣವನ್ನು ಲೆಕ್ಕದ ಸಮೇತ ಹೇಳಬೇಕೆನಿಸಿತು. ನಾನು ನೀರಿನ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ.

ಒಂದು ಹ್ಯಾಂಡಲಿನ ಮೇಲ್ಮೈಯನ್ನು ಸುಮಾರು 600 ಚದರ ಸೆಂಟಿಮೀಟರ್ ಎಂದೂ, ಕ್ರೋಮಿಯಂ ಪದರವನ್ನು ಮೈಕ್ರಾನಿನ ಕಾಲು ಭಾಗ ಎಂದೂ ಇಟ್ಟುಕೊಂಡರೆ, ಅದರಲ್ಲಿರುವ ಕ್ರೋಮಿಯಂ ಹೆಚ್ಚು ಕಡಿಮೆ 0.1 ಗ್ರಾಂ. ಇಷ್ಟೇನಾ ಎನಿಸಬಹುದು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕ್ರೋಮಿಯಂನ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಂದರೆ ಒಂದೇ ಹ್ಯಾಂಡಲಿನಿಂದ ಬಿಟ್ಟ ಕ್ರೋಮಿಯಂ, ಸಾವಿರ ಲೀಟರಿನ ಎರಡು ಸಿಂಟೆಕ್ಸ್ ಟ್ಯಾಂಕುಗಳ ಶುದ್ಧ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಲು ಸಾಕು. ಕೆಳಗಿನ ನಿಕ್ಕಲ್ ತೂಕದಲ್ಲಿ ಇದರ ಹತ್ತಾರು ಪಟ್ಟು ಇರುತ್ತದೆ, ಅದರ ಮಿತಿ ಇನ್ನೂ ಕಡಿಮೆ, ಲೀಟರಿಗೆ 0.02 ಮಿಲಿಗ್ರಾಂ. ಆ್ಯಸಿಡ್‌ನಲ್ಲಿ ನಿಕ್ಕಲ್ ಅಲ್ಪಸ್ವಲ್ಪವೇ ಕರಗಿದರೂ ಲೆಕ್ಕ ಬೇಗ ಏರುತ್ತದೆ.

ಹನುಮಂತನಗರದ ಚರಂಡಿಯ ನೀರು ಇಳಿಯುವುದು ವೃಷಭಾವತಿ ಕಣಿವೆಗೆ. ಆ ನದಿ ನಮ್ಮ ಬಡಾವಣೆಯ ಪಕ್ಕದಲ್ಲೇ ಹಾದು ಬೈರಮಂಗಲದ ಕೆರೆ ಸೇರುತ್ತದೆ. ಅಲ್ಲಿ ಅದೇ ನೀರಿನಲ್ಲಿ ಬೆಳೆ ತೆಗೆಯುವ ರೈತರಿದ್ದಾರೆ. ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಹೋದರೂ ಅಲ್ಲಿ ಕೊಳಕನ್ನು ತಿನ್ನುವ ಸೂಕ್ಷ್ಮಜೀವಿಗಳು ಲೋಹವನ್ನು ಮಾಯ ಮಾಡುವುದಿಲ್ಲ; ಅದು ಕೆಸರಿನಲ್ಲೋ ನೀರಿನಲ್ಲೋ ಉಳಿದೇ ಇರುತ್ತದೆ. ಕೈಗಾರಿಕಾ ಪ್ರದೇಶವಾದ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಅಧ್ಯಯನಗಳು ದಾಖಲಿಸಿವೆ. ಒಂದು ಮನೆಯ ಬಕೆಟ್ಟಿನಿಂದ ಹಾಗಾಗದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಸಣ್ಣ ಸಣ್ಣ ತೊಟ್ಟಿಗಳು ಸೇರಿಯೇ ದೊಡ್ಡ ಮಾಲಿನ್ಯವಾಗುತ್ತದೆ.

ಮಾಡಲೇಬೇಕೆಂದಿದ್ದರೆ ಆದಷ್ಟು ಕಡಿಮೆ ದ್ರಾವಣ ಬಳಸಿ. ಭಾಗವನ್ನು ತೊಳೆದ ಮೊದಲ ನೀರನ್ನೂ ಅದೇ ಬಕೆಟ್ಟಿಗೆ ಸೇರಿಸಿ. ನಂತರ ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಹಾಕುತ್ತ ಬನ್ನಿ. ಒಮ್ಮೆಲೇ ಸುರಿದರೆ ನೊರೆಯುಕ್ಕಿ ಹೊರಗೆ ಚೆಲ್ಲುತ್ತದೆ. ಪಿಎಚ್ ಕಾಗದ (ಆಮ್ಲವೋ ಕ್ಷಾರವೋ ಎಂದು ಬಣ್ಣದಿಂದ ತೋರಿಸುವ ಕಾಗದ) 9 ದಾಟಿ 10ರ ಹತ್ತಿರ ತೋರಿಸುವವರೆಗೆ ಹಾಕಿದರೆ ಲೋಹಗಳು ಬೂದುಹಸಿರು ಗಸಿಯಾಗಿ ಬೇರ್ಪಡುತ್ತವೆ, ರಾತ್ರಿ ಕಳೆಯುವಷ್ಟರಲ್ಲಿ ತಳಕ್ಕೆ ಇಳಿದಿರುತ್ತವೆ. ಮಳೆ ಬೀಳದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಅಗಲವಾದ ಪ್ಲಾಸ್ಟಿಕ್ ಟ್ರೇಯಲ್ಲಿ ಅದನ್ನು ಆವಿಯಾಗಲು ಬಿಟ್ಟು, ಗಸಿ ಪೂರ್ತಿ ಒಣಗಿ ಧೂಳಾಗುವ ಮೊದಲೇ ಅದನ್ನು ಮುಚ್ಚಳದ ಡಬ್ಬಿಗೆ ತುಂಬಿ ಚೀಟಿ ಅಂಟಿಸಿ. ಹಸಿಕಸ, ಒಣಕಸದ ಜೊತೆ ಇದನ್ನು ಕೊಡುವಂತಿಲ್ಲ. ತ್ಯಾಜ್ಯನೀರು ಸಂಸ್ಕರಣಾ ವ್ಯವಸ್ಥೆ ಇರುವ ಪ್ಲೇಟಿಂಗ್ ಘಟಕದವರನ್ನು ಮೊದಲೇ ಕೇಳಿ, ಅವರು ತಮ್ಮ ಗಸಿಯ ಜೊತೆ ಸೇರಿಸಿಕೊಳ್ಳಲು ಒಪ್ಪಿದ ಮೇಲೆಯೇ ಕೆಲಸ ಆರಂಭಿಸಿ. ಒಪ್ಪುವವರು ಸಿಗದಿದ್ದರೆ ಆರಂಭಿಸಲೇಬೇಡಿ.

ಸೈಕಲ್ಲಿಗ (ಹನುಮಂತನಗರ):

ಇಷ್ಟು ಕಾಳಜಿಯಿಂದ ಬರೆದ ಮೂವರಿಗೂ ಕೃತಜ್ಞತೆಗಳು. ಕಾಸ್ಟಿಕ್ ಸೋಡಾದ ದಾರಿಯನ್ನು ಕೈಬಿಟ್ಟಿದ್ದೇನೆ.

ಭಾಗಗಳನ್ನೆಲ್ಲ ಬಿಚ್ಚಿ ಅಯಸ್ಕಾಂತ ಹಿಡಿದು ನೋಡಿದೆ. ಹ್ಯಾಂಡಲ್, ಕ್ಯಾರಿಯರ್, ಕಂಬಿಗಳು, ಕ್ರ್ಯಾಂಕ್, ರಿಮ್ಮು ಇವು ಗಟ್ಟಿಯಾಗಿ ಹಿಡಿಯುತ್ತವೆ. ಬೆಲ್ಲಿನ ಬಟ್ಟಲು ಮತ್ತು ಮುಂದಿನ ದೀಪದ ಮುಚ್ಚಳ ಹಿಡಿಯುವುದಿಲ್ಲ. ಸವೆದ ಜಾಗದಲ್ಲಿ ದೀಪದ ಮುಚ್ಚಳ ಹಳದಿಯಾಗಿ, ಹಿತ್ತಾಳೆಯಂತೆ ಕಾಣುತ್ತದೆ. ಕ್ರೋಮನ್ನು ಪೂರ್ತಿ ತೆಗೆಯದೆ ಬಣ್ಣ ಹೊಡೆಸಲು ಸಾಧ್ಯವೇ ಎಂಬುದು ಈಗ ನನ್ನ ಪ್ರಶ್ನೆ.

ಕರಿ ಕುದುರೆ (ಮಲ್ಲೇಶ್ವರಂ):

ಖಂಡಿತ ಸಾಧ್ಯ, ಮತ್ತು ಮೇಷ್ಟ್ರ ಕ್ಷಮೆ ಕೋರಿ ಹೇಳುವುದಾದರೆ, ನಿಮ್ಮ ಕೆಲಸಕ್ಕೆ ಆ್ಯಸಿಡ್‌ನ ಅಗತ್ಯವೇ ಇಲ್ಲ. ಹಳೆಯ ಸೈಕಲ್ಲುಗಳನ್ನು ಸರಿಪಡಿಸುವುದು ನನ್ನ ಬಹುಕಾಲದ ಹವ್ಯಾಸ.

ಕ್ರೋಮ್ ಮೇಲೆ ಬಣ್ಣ ನಿಲ್ಲುವುದಿಲ್ಲ ಎಂಬ ಮಾತು ನಯವಾದ ಕ್ರೋಮ್‌ಗೆ ಸಲ್ಲುತ್ತದೆ. ಬಣ್ಣಕ್ಕೆ ಬೇಕಾಗಿರುವುದು ಹಿಡಿತ, ಅದಕ್ಕಾಗಿ ಹೊಳಪನ್ನು ಕೊಲ್ಲಬೇಕೇ ಹೊರತು ಲೋಹವನ್ನೆಲ್ಲ ತೆಗೆಯಬೇಕಿಲ್ಲ. ಗಟ್ಟಿಯಾಗಿ ಕೂತ ನಿಕ್ಕಲ್ ಕಬ್ಬಿಣಕ್ಕೆ ಒಳ್ಳೆಯ ರಕ್ಷಣೆ. ಅದನ್ನು ಕಿತ್ತು ಬರಿಗಬ್ಬಿಣದ ಮೇಲೆ ಬಣ್ಣ ಹೊಡೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಕಿತ್ತುಬರುವ ಚಕ್ಕೆಗಳು ಮಾತ್ರ ಒಂದೂ ಉಳಿಯಬಾರದು.

ಹ್ಯಾಂಡಲಿಗೆ ಹೀಗೆ ಮಾಡಿ. ಮೊಂಡಾದ ಉಳಿಯನ್ನೋ ಸ್ಕ್ರೇಪರನ್ನೋ ಚಪ್ಪಟೆಯಾಗಿ ಹಿಡಿದು, ಎದ್ದಿರುವ ಹಕ್ಕಳೆಯ ಅಂಚಿಗೆ ತಳ್ಳಿದರೆ ಸಡಿಲವಿರುವಷ್ಟೂ ಹಾರುತ್ತದೆ. ಕಣ್ಣಿಗೆ ಗಾಗಲ್ ಬೇಕು, ಆ ಚಕ್ಕೆ ಬ್ಲೇಡಿನಷ್ಟು ಹರಿತ. ಲೇಪನ ಎಲ್ಲಿ ಗಟ್ಟಿಯಾಗಿ ನಿಲ್ಲುತ್ತದೆಯೋ ಅಲ್ಲಿ ನಿಲ್ಲಿಸಿ. ಈಗ ಗಟ್ಟಿ ಲೇಪನಕ್ಕೂ ಬರಿಗಬ್ಬಿಣಕ್ಕೂ ನಡುವೆ ಸಣ್ಣ ಮೆಟ್ಟಿಲು ಉಳಿದಿರುತ್ತದೆ. 180 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿಕೊಂಡು, ಕಣ್ಣು ಮುಚ್ಚಿ ಬೆರಳು ಸವರಿದರೂ ಆ ಮೆಟ್ಟಿಲು ತಿಳಿಯದಷ್ಟು ಇಳಿಜಾರಾಗುವವರೆಗೆ ಉಜ್ಜಬೇಕು. ಆಮೇಲೆ 320ರ ಕಾಗದದಲ್ಲಿ ಇಡೀ ಭಾಗವನ್ನು, ಎಲ್ಲಿಯೂ ಕನ್ನಡಿ ಹೊಳಪು ಉಳಿಯದಂತೆ, ಮಂಕಾಗಿಸಬೇಕು. ಒದ್ದೆಯಾಗಿ ಉಜ್ಜುವುದರಿಂದ ಧೂಳು ಏಳುವುದಿಲ್ಲ. ಆ ಕೆಸರನ್ನು ಹಳೇ ಬಟ್ಟೆಯಲ್ಲಿ ಒರೆಸಿ, ತೊರೆ ಮೇಡಂ ಹೇಳಿದಂತೆ ಡಬ್ಬಿಗೇ ಹಾಕಿಡಿ. ಸಂದಿಗಳಲ್ಲಿ ಕಾಗದ ಹೋಗದ ಕಡೆ ಕಾಗದವನ್ನು ದಾರದಂತೆ ಸೀಳಿ ಎಳೆದಾಡಬಹುದು. ಇದಕ್ಕೆ ಒಂದು ಇಡೀ ಮಧ್ಯಾಹ್ನ ಬೇಕು, ಅವಸರ ಮಾಡುವ ಜಾಗ ಇದಲ್ಲ.

ನಂತರ ಥಿನ್ನರ್‌ನಿಂದ ಒರೆಸಿ, ಬರಿಗೈಯಲ್ಲಿ ಮುಟ್ಟದೆ, ಅದೇ ದಿನ ಎಪಾಕ್ಸಿ ಪ್ರೈಮರ್ (ಎರಡು ಡಬ್ಬಿಗಳಲ್ಲಿ ಬರುವ, ಬೆರೆಸಿ ಹೊಡೆಯುವ ತಳಬಣ್ಣ) ಹೊಡೆಸಿ. ಸಾದಾ ರೆಡ್ ಆಕ್ಸೈಡ್ ಇಲ್ಲಿ ಸಾಲದು. ಪ್ರೈಮರ್ ಮತ್ತು ಮೇಲಿನ ಬಣ್ಣ ಒಂದೇ ಕಂಪನಿಯ, ಒಂದಕ್ಕೊಂದು ಹೊಂದುವ ಸಾಮಗ್ರಿಯಾಗಿರಲಿ. ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿನವರಿಗೆ ಇದೆಲ್ಲ ಗೊತ್ತಿರುತ್ತದೆ. ಕ್ರೋಮ್ ಮೇಲೆ ಆಗುವುದಿಲ್ಲ ಎಂದು ವಾಪಸು ಕಳುಹಿಸಿದವರಿಗೆ ಹೀಗೆ ಮಂಕಾಗಿಸಿದ ಭಾಗವನ್ನು ತೋರಿಸಿ, ಎಪಾಕ್ಸಿ ಪ್ರೈಮರ್ ಎಂದು ಹೇಳಿ ನೋಡಿ. ಪೌಡರ್ ಕೋಟಿಂಗ್ ಮಾತ್ರ ಬೇಡ. ಅದನ್ನು ಸುಮಾರು 180ರಿಂದ 200 ಡಿಗ್ರಿಯ ಓವನ್ನಿನಲ್ಲಿ ಬೇಯಿಸುತ್ತಾರೆ; ಹಳೆಯ ಲೇಪನದ ಕೆಳಗೆ ಸಿಕ್ಕಿಕೊಂಡ ಗಾಳಿ, ತೇವ ಆ ಶಾಖಕ್ಕೆ ಹೊರನುಗ್ಗಿ ಬಣ್ಣದಲ್ಲಿ ತೂತು ಬೀಳಿಸುತ್ತದೆ.

ಕ್ಯಾರಿಯರ್ ಮತ್ತು ಕಂಬಿಗಳಿಗೂ ಇದೇ ಕ್ರಮ. ಸೀಟಿನ ಸ್ಪ್ರಿಂಗಿಗೆ ತಂತಿ ಬ್ರಷ್ ಹಾಕಿ ಬಣ್ಣ ಬಳಿದರೆ ಮುಗಿಯಿತು. ಬೆಲ್ಲು ಮತ್ತು ದೀಪದ ಮುಚ್ಚಳಕ್ಕೆ ಆ್ಯಸಿಡ್ ತೋರಿಸಲೇಬೇಡಿ. ಹಳೆಯ ಬೆಲ್ಲುಗಳ ಒಳಗಿನ ಹಲ್ಲುಚಕ್ರಗಳು ಸತುವಿನ ಎರಕದವಾಗಿದ್ದರೆ ಕರಗಿಯೇ ಹೋಗುತ್ತವೆ.

ರಿಮ್ಮಿಗೆ ಬಣ್ಣ ಹೊಡೆಸಬೇಡಿ. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕಕ್ಕಲ್ಲ, ಹಬ್ಬಿನ ಕಡೆಗೆ ಮುಖ ಮಾಡಿರುವ ಒಳಮೈಗೆ ಒತ್ತುತ್ತದೆ. ಅಲ್ಲಿ ಬಣ್ಣವಿದ್ದರೆ ಮೊದಲ ಇಳಿಜಾರಿನಲ್ಲೇ ಕಿತ್ತು ರಬ್ಬರಿಗೆ ಮೆತ್ತಿಕೊಳ್ಳುತ್ತದೆ. ನಿಮ್ಮ ರಿಮ್ಮು ಪರವಾಗಿಲ್ಲ ಎಂದಿದ್ದೀರಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ತಿಕ್ಕಿದರೆ ಮೇಲ್ಮೈ ತುಕ್ಕು ಹೋಗುತ್ತದೆ, ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ. ಅಷ್ಟಕ್ಕೂ ಹೋಗದ ಚುಕ್ಕೆಗಳಿಗೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿದ ನೀರಿನಲ್ಲಿ ನೆನೆದ ಬಟ್ಟೆ ಸುತ್ತಿಟ್ಟು, ಗಂಟೆಗೊಮ್ಮೆ ನೋಡುತ್ತಿರಬೇಕು. ಕೊನೆಯಲ್ಲಿ ತೊಳೆಯಲು ಬೋರ್‌ವೆಲ್ ನೀರು ಬೇಡ, ಅದು ಬಿಳಿ ಕಲೆ ಬಿಡುತ್ತದೆ. ಕಾವೇರಿ ನೀರಿನಲ್ಲಿ ತೊಳೆದು ಕೂಡಲೇ ಒಣಗಿಸಿ, ಕಾರಿಗೆ ಹಚ್ಚುವ ವ್ಯಾಕ್ಸ್ ಸವರಿ.

ಹ್ಯಾಂಡಲ್ ಕಪ್ಪಾದರೆ ಗಾಡಿಯ ಅಂದ ಕೆಟ್ಟೀತು ಎಂಬ ಅಳುಕು ಬೇಡ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಿಕ್ಕಲ್ ಮತ್ತು ಕ್ರೋಮಿಯಂ ಯುದ್ಧಸಾಮಗ್ರಿಗೆ ಹೋದಾಗ ಬ್ರಿಟನ್ನಿನ ಸೈಕಲ್ ಕಾರ್ಖಾನೆಗಳೇ ಹ್ಯಾಂಡಲ್ ಮುಂತಾದ ಭಾಗಗಳಿಗೆ ಕಪ್ಪು ಬಣ್ಣ ಹೊಡೆದು ಮಾರಿದ್ದುಂಟು. ಆ ಗಾಡಿಗಳಿಗೆ ಅವುಗಳದೇ ಆದ ಗಾಂಭೀರ್ಯವಿದೆ.

ರಸಾಯನ ಮೇಷ್ಟ್ರು (ಜಯನಗರ):

ಕ್ಷಮೆ ಕೇಳುವ ಅಗತ್ಯವಿಲ್ಲ, ಕರಿ ಕುದುರೆಯವರ ಮಾತು ಈ ಕೆಲಸಕ್ಕೆ ಹೆಚ್ಚು ಹೊಂದುತ್ತದೆ. ಕ್ರೋಮ್ ಇಳಿಸಿ ನಿಕ್ಕಲ್ ಹೊಳಪನ್ನೇ ಉಳಿಸಿಕೊಳ್ಳಬೇಕು ಎನ್ನುವವರಿಗೆ ಮಾತ್ರ ಆ್ಯಸಿಡ್‌ನ ದಾರಿ. ನಿಂಬೆ ಉಪ್ಪಿನ ಬದಲು ಆಕ್ಸಾಲಿಕ್ ಆ್ಯಸಿಡ್ ಬಳಸುವವರೂ ಇದ್ದಾರೆ. ತುಕ್ಕಿಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹೊಟ್ಟೆಗೆ ಹೋದರೆ ವಿಷ. ಮಕ್ಕಳಿರುವ ಮನೆಯಲ್ಲಿ ನಿಂಬೆ ಉಪ್ಪೇ ಸಾಕು.

ಸೈಕಲ್ಲಿಗ (ಹನುಮಂತನಗರ):

ಹಾಗಾದರೆ ಆ್ಯಸಿಡ್ ತರುವುದೇ ಇಲ್ಲ. ಹ್ಯಾಂಡಲ್, ಕ್ಯಾರಿಯರ್, ಕಂಬಿಗಳನ್ನು ಒದ್ದೆ ಕಾಗದದಿಂದ ಉಜ್ಜಿ ಎಪಾಕ್ಸಿ ಪ್ರೈಮರ್‌ಗೆ ಕೊಡುತ್ತೇನೆ. ರಿಮ್ಮು, ಬೆಲ್ಲು, ದೀಪವನ್ನು ತೊಳೆದು ಹಾಗೆಯೇ ಉಳಿಸುತ್ತೇನೆ. ಹ್ಯಾಂಡಲಿನ ನಡುಭಾಗದಲ್ಲಿ, ಸ್ಟೆಮ್ ಸೇರುವ ಕಡೆ, ಚಕ್ಕೆ ಎದ್ದ ಮೇಲೆ ತುಕ್ಕು ಸ್ವಲ್ಪ ಆಳಕ್ಕೇ ಇಳಿದಂತೆ ಕಾಣುತ್ತಿದೆ. ಅಲ್ಲಿ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಬಹುದೇ?

ಬಫಿಂಗ್ (ಪೀಣ್ಯ):

ಪುಟ್ಟಿ ತುಂಬುವ ಮೊದಲು ಆ ಜಾಗವನ್ನು ಪರೀಕ್ಷಿಸಲೇಬೇಕು. ಹ್ಯಾಂಡಲ್ ಮೇಲೆ ಭಾರ ಬಿದ್ದಾಗಲೆಲ್ಲ ಎಳೆತ ಹೆಚ್ಚಾಗಿ ಬೀಳುವುದು ಅಲ್ಲಿಯೇ. ತುಕ್ಕನ್ನು ತಂತಿ ಬ್ರಷ್‌ನಿಂದ ಪೂರ್ತಿ ಬಿಡಿಸಿ, ಸೀಮೆಎಣ್ಣೆಯನ್ನೋ ತೆಳು ಎಣ್ಣೆಯನ್ನೋ ಧಾರಾಳವಾಗಿ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಿಂದ ಒರೆಸಿ, ಅದರ ಮೇಲೆ ಸೀಮೆಸುಣ್ಣದ ಪುಡಿ ತೆಳುವಾಗಿ ಉದುರಿಸಿ. ಬಿರುಕು ಇದ್ದರೆ ಅದರೊಳಗೆ ಉಳಿದ ಎಣ್ಣೆ ಪುಡಿಗೆ ಏರಿ, ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡರೆ ಆ ಹ್ಯಾಂಡಲನ್ನು ಓಡಿಸುವ ಗಾಡಿಗೆ ಹಾಕಬೇಡಿ. ಅಲ್ಲಿ ಬೆಸುಗೆ ಹಾಕಿಸುವುದೂ ಬೇಡ. ಕ್ರೋಮ್ ಉಳಿದ ಪೈಪಿನ ಮೇಲೆ ವೆಲ್ಡಿಂಗ್ ಮಾಡಿದರೆ ಏಳುವ ಹೊಗೆಯಲ್ಲೂ ಮೇಷ್ಟ್ರು ಹೇಳಿದ ಆ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಗೆರೆ ಮೂಡದಿದ್ದರೂ ಗುಳಿ ಆಳವಾಗಿದ್ದರೆ, ಕಿರಿದಾದ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತ ಬನ್ನಿ. ಗಟ್ಟಿ ಪೈಪ್ ಇರುವ ಕಡೆ ಕಣಕಣ ಎನ್ನುತ್ತದೆ, ತುಕ್ಕು ತಿಂದು ತೆಳುವಾದ ಕಡೆ ಸದ್ದು ಮೊಂಡಾಗುತ್ತದೆ. ಈ ಎರಡೂ ಪರೀಕ್ಷೆಯಲ್ಲಿ ಪಾಸಾದರೆ ಎಪಾಕ್ಸಿ ಪ್ರೈಮರ್ ಹೊಡೆಸಿ, ಅದರ ಮೇಲೆ ತೆಳುವಾಗಿ ಪುಟ್ಟಿ ಎಳೆಸಿ. ಬರಿಗಬ್ಬಿಣದ ಮೇಲೆ ನೇರವಾಗಿ ಪುಟ್ಟಿ ಬೇಡ, ಅದು ತೇವ ಹೀರುತ್ತದೆ. ಸ್ಟೆಮ್ಮಿನ ಕೆಳಭಾಗ, ಫೋರ್ಕಿನೊಳಗೆ ಇಳಿಯುವಷ್ಟು ಉದ್ದಕ್ಕೆ, ಬಣ್ಣವಿಲ್ಲದೆ ಗ್ರೀಸು ಹಚ್ಚಿ ಕೂರಿಸಬೇಕು ಎಂಬುದನ್ನು ಪೇಂಟರಿಗೆ ಮೊದಲೇ ಹೇಳಿ, ಅಷ್ಟು ಭಾಗಕ್ಕೆ ಟೇಪು ಸುತ್ತಿಯೇ ಕೊಡಿ.